ಪತ್ರೆಯ ಗಿಡವೂ ಪಾತರಗಿತ್ತಿಯೂ
(ಬೇಸಗೆಯ ನಿಸರ್ಗಸಂಚಾರಕ್ಕೊಂದು ಪಾಠ)

ಬಿಲ್ವವೃಕ್ಷವಿಲ್ಲದ ಮಠದ ಅಂಗಳ ಕನ್ನಡ ನಾಡಿನಲ್ಲಿ ವಿರಳ. ಇಷ್ಟಲಿಂಗಪೂಜೆಗೆ ಪತ್ರೆಯನ್ನು ಆಯುವವರು ಮೂರು ದಳಗಳೂ ಅಖಂಡವಾಗಿರುವುದನ್ನು ನೋಡಿಯೇ ಆಯುತ್ತಾರೆ. ಹುಳು ತಿಂದ ಎಲೆಯನ್ನು ಬಿಡುತ್ತಾರೆ. ಅಷ್ಟಕ್ಕೆ ತೃಪ್ತರಾಗದೆ ಹುಳುವನ್ನು ಹೊಸಕಿಹಾಕುವುದೂ, ಗಿಡಕ್ಕೆ ಕೀಟನಾಶಕ ಸಿಂಪಡಿಸುವುದೂ ಉಂಟು. ಆದರೆ ಆ ಹುಳುವೇ ಕೆಲವು ವಾರಗಳಲ್ಲಿ ರೆಕ್ಕೆ ತಳೆದು, ಶಾಲೆಯ ಹೂದೋಟದಲ್ಲಿ ಮಕ್ಕಳ ಕಣ್ಣಿಗೆ ಹಬ್ಬವಾಗುವ ಪಾತರಗಿತ್ತಿಯೆಂಬುದನ್ನು ಬಲ್ಲವರು ಕಡಿಮೆ. ಈ ಅರಿವನ್ನು ವಿದ್ಯಾರ್ಥಿಗಳಿಗೆ ಪ್ರತ್ಯಕ್ಷವಾಗಿ ಉಂಟುಮಾಡಲು ಬೇಸಗೆಯ ಒಂದು ಬೆಳಗಿನ ಸಂಚಾರ ಸಾಕು.

ಮೊದಲು ಶಬ್ದವಿಚಾರ. ಚಿಟ್ಟೆ ಎಂಬುದು ನಾಡಿನ ಎಲ್ಲೆಡೆ ಪರಿಚಿತವಾದ ಹೆಸರು. ಉತ್ತರದ ಜಿಲ್ಲೆಗಳ ಆಡುಮಾತಿನಲ್ಲಿ ಅದೇ ಪಾತರಗಿತ್ತಿ. 'ಪಾತ್ರ' ಶಬ್ದಕ್ಕೆ ನರ್ತಕಿ ಎಂಬ ಅರ್ಥವೂ ಉಂಟು. ಅದರ ತದ್ಭವವಾದ 'ಪಾತರ'ಕ್ಕೆ ಒಕ್ಕಲಗಿತ್ತಿ, ಅಗಸಗಿತ್ತಿ ಎಂಬಲ್ಲಿರುವಂತೆ 'ಗಿತ್ತಿ' ಎಂಬ ಸ್ತ್ರೀಪ್ರತ್ಯಯ ಸೇರಿದೆ. ಗಾಳಿಯಲ್ಲಿ ಕುಣಿಯುವ ಜೀವಿಗೆ ಜನಪದರಿಟ್ಟ ಈ ಹೆಸರು ಎಷ್ಟು ಅನ್ವರ್ಥಕ!

ಹೊಸಪೇಟೆಯಿಂದ ಕಮಲಾಪುರದ ಮೂಲಕ ಹಂಪೆಗೆ ಸಾಗುವ ಹಾದಿಯಲ್ಲಿ, ಮಲ್ಲಿಕಾರ್ಜುನ ದೇವಾಲಯವಿರುವ ಮಲಪನಗುಡಿ ಇಂಥ ಸಂಚಾರಕ್ಕೆ ಯೋಗ್ಯವಾದ ಊರು. ಒಂದು ಕಡೆ ವಿಜಯನಗರದ ಅರಸರ ಕಾಲದಿಂದ ಹರಿದುಬಂದ ಕಾಲುವೆಗಳ ನೀರನ್ನುಂಡು ಬೆಳೆಯುವ ಬಾಳೆ, ಕಬ್ಬು, ಭತ್ತದ ಹಸಿರು. ಇನ್ನೊಂದು ಕಡೆ ಬಂಡೆಗಲ್ಲಿನ ಗುಡ್ಡಗಳು, ಮುಳ್ಳುಪೊದೆಗಳು. ಹಸಿರೂ ಒಣನೆಲವೂ ಕೂಡುವ ಎಡೆಯಲ್ಲಿ ಜೀವವೈವಿಧ್ಯ ಹೆಚ್ಚು. ಹೊತ್ತು ಮೂಡಿದ ಕೂಡಲೇ ಚಿಟ್ಟೆಗಳನ್ನು ಅರಸುವುದು ವ್ಯರ್ಥ. ಎಳೆಬಿಸಿಲಿಗೆ ರೆಕ್ಕೆಯನ್ನೊಡ್ಡಿ ಮೈ ಬೆಚ್ಚಗಾದ ಮೇಲಲ್ಲವೆ ಅವು ಹಾರುವುದು? ಆದುದರಿಂದ ಎಂಟು ಗಂಟೆಯಿಂದ ಹತ್ತರವರೆಗಿನ ಕಾಲ ಪ್ರಶಸ್ತವಾದುದು.

ಉಪಾಧ್ಯಾಯರು ಮೊದಲು ತೋರಿಸತಕ್ಕದ್ದು ಚಿಟ್ಟೆಯನ್ನಲ್ಲ, ಗಿಡವನ್ನು. ಬೇಸಗೆಯಲ್ಲಿಯೂ ಬಾಡದೆ ದಾರಿಯ ಬದಿಯಲ್ಲಿ ನಿಂತಿರುವ ಎಕ್ಕದ ಎಲೆಯ ಅಡಿಯನ್ನು ಮೆಲ್ಲನೆ ತಿರುವಿ ನೋಡಿದರೆ ಕಪ್ಪು, ಬಿಳಿ, ಹಳದಿ ಪಟ್ಟೆಗಳ ಹುಳು ದೊರೆಯಬಹುದು. ಇದು ಕಂದುಗೆಂಪು ರೆಕ್ಕೆಯ 'ಪ್ಲೇನ್ ಟೈಗರ್' ಚಿಟ್ಟೆಯ ಶೈಶವ. ಆಡು ಕುರಿಗಳು ಸಾಮಾನ್ಯವಾಗಿ ಮುಟ್ಟದ ಎಕ್ಕವೇ ಇದರ ಆಹಾರ. ಈ ಚಿಟ್ಟೆ ರುಚಿಗೆ ಹೇಯವಾದುದರಿಂದ ಹಕ್ಕಿಗಳು ಇದನ್ನು ತೊರೆಯುತ್ತವೆ. ಈ ರಕ್ಷಣೆಯನ್ನು ಕಂಡೋ ಎಂಬಂತೆ 'ಡನೈಡ್ ಎಗ್‌ಫ್ಲೈ' ಎಂಬ ಬೇರೊಂದು ಜಾತಿಯ ಹೆಣ್ಣು ಇದೇ ವೇಷವನ್ನು ಧರಿಸಿದೆ.

ಬೇಲಿಗಳಲ್ಲಿ ಈಶ್ವರಿ ಬಳ್ಳಿ ಕಂಡರೆ ಅಲ್ಲಿಯೂ ನಿಲ್ಲಬೇಕು. ಕರಿಯ ರೆಕ್ಕೆಯ ಮೇಲೆ ಬಿಳಿಯ ಪಟ್ಟೆ, ಕಡುಗೆಂಪು ಒಡಲುಳ್ಳ 'ಕ್ರಿಮ್ಸನ್ ರೋಸ್' ಚಿಟ್ಟೆಯ ಮರಿಹುಳುಗಳಿಗೆ ಈ ಬಳ್ಳಿ ತವರು. ಕರ್ನಾಟಕದ ರಾಜ್ಯಚಿಟ್ಟೆಯಾದ, ಪಶ್ಚಿಮಘಟ್ಟದ 'ಸದರ್ನ್ ಬರ್ಡ್‌ವಿಂಗ್' ಕೂಡ ಇದೇ ಕುಲದ ಬಳ್ಳಿಗಳನ್ನು ಆಶ್ರಯಿಸಿದೆ.

ಕಾಲುವೆಯ ಅಂಚಿನ ಕೆಸರಿನ ಮೇಲೆ ಹಲವು ಚಿಟ್ಟೆಗಳು ಒಟ್ಟಾಗಿ ಕುಳಿತಿದ್ದರೆ ಮಕ್ಕಳು ಸದ್ದು ಮಾಡದೆ ದೂರದಿಂದ ನೋಡಲಿ. ಅವು ಬಹುಮಟ್ಟಿಗೆ ಗಂಡುಗಳು. ಹೂವಿನ ಮಕರಂದದಲ್ಲಿ ಸಾಕಷ್ಟು ದೊರೆಯದ ಲವಣಾಂಶವನ್ನು ಒದ್ದೆಮಣ್ಣಿನಿಂದ ಹೀರುತ್ತವೆ. ನೆಲವೆಲ್ಲ ಒಣಗಿದ ಬೇಸಗೆಯಲ್ಲಿ ಇಂಥ ತೇವದ ತಾಣಗಳ ಬೆಲೆ ಅಧಿಕ.

ಒಂದು ಎಚ್ಚರಿಕೆ. ಈ ಸೀಮೆ ಕರಡಿಗಳ ನೆಲೆಯೂ ಹೌದು. ಹಂಪೆಗೆ ಅನತಿದೂರದಲ್ಲಿರುವ ದರೋಜಿ ಕರಡಿಧಾಮ 1994ರಲ್ಲಿ ಘೋಷಿತವಾಯಿತು. ಗೆದ್ದಲು, ಇರುವೆ, ಕಾಡುಹಣ್ಣುಗಳನ್ನು ತಿನ್ನುವ ಈ ಪ್ರಾಣಿ ಮುಸ್ಸಂಜೆಯಿಂದ ನಸುಕಿನವರೆಗೆ ಹೆಚ್ಚಾಗಿ ಸಂಚರಿಸುತ್ತದೆ. ಮಕ್ಕಳನ್ನು ಬಂಡೆಗಳ ಸಂದಿಗೂ ದಟ್ಟಪೊದೆಗಳಿಗೂ ಬಿಡಬಾರದು.

ಸಂಚಾರದ ಕೊನೆಯ ನಿಲುಗಡೆ ಶಾಲೆಯ ಅಂಗಳದ ಬಿಲ್ವವೇ ಆಗಲಿ. ಬೇಸಗೆಯಲ್ಲಿ ಎಲೆಯುದುರಿಸಿ ಚಿಗುರುವ ಈ ಮರದ ಎಳೆಯ ತುದಿಗಳನ್ನು ತಾಯಿಚಿಟ್ಟೆ ಮುಂಗಾಲಿನಿಂದ ಮುಟ್ಟಿ, ರುಚಿಯನ್ನು ಅರಿತು ತತ್ತಿಯಿಡುತ್ತದೆ. ಇದು ನಿಂಬೆ ಚಿಟ್ಟೆ. ಕಪ್ಪು ರೆಕ್ಕೆಯ ಮೇಲೆ ತೆಳುಹಳದಿ ಮಚ್ಚೆಗಳುಳ್ಳದ್ದು. ಜನರು ಎಲ್ಲವನ್ನೂ ಕಂಬಳಿಹುಳುವೆಂದರೂ ಇದಕ್ಕೆ ಚುಚ್ಚುವ ಕೂದಲಿಲ್ಲ. ಎಳೆಯದಿದ್ದಾಗ ಹಕ್ಕಿಯ ಹಿಕ್ಕೆಯಂತೆ ತೋರಿ ಶತ್ರುಗಳನ್ನು ವಂಚಿಸುತ್ತದೆ. ಬೆಳೆದಾಗ ಎಲೆಯ ಹಸಿರನ್ನು ತಾಳುತ್ತದೆ. ಕೆಣಕಿದರೆ ತಲೆಯ ಹಿಂದಿನಿಂದ ಕವಲುಗೊಂಬನ್ನು ಚಾಚಿ ಘಾಟು ವಾಸನೆ ಬಿಡುತ್ತದೆ. ಅನಂತರ ನೂಲಿನ ನಡುಪಟ್ಟಿಯಿಂದ ಕಡ್ಡಿಗೆ ಮೈಯನ್ನು ಬಿಗಿದುಕೊಂಡು ಕೋಶವಾಗುತ್ತದೆ.

ನಿಂಬೆಯ ಸಸಿಗೆ ಈ ಹುಳು ಹಾನಿಕರವೆಂಬುದು ನಿಜ; ತೋಟಗಾರನ ದೂರು ಸುಳ್ಳಲ್ಲ. ಆದರೆ ಸಸಿ ತಾಳಲಾರದ ನಷ್ಟವನ್ನು ಬೆಳೆದ ಬಿಲ್ವ ತಾಳಬಲ್ಲುದು. ಸಸಿಯ ಮೇಲಿನ ಹುಳುಗಳನ್ನು ಕೈಯಿಂದ ಆಯ್ದು ಬಿಲ್ವದ ಚಿಗುರಿಗೆ ಬಿಟ್ಟರೆ ವಿಷದ ಅಗತ್ಯವೇ ಬೀಳದು. ಪೂಜೆಗೆ ಕೆಲವು ಕೊಂಬೆ, ಹುಳುವಿಗೆ ಕೆಲವು ಕೊಂಬೆ ಎಂದು ಹಂಚಿಕೊಂಡರೆ ಪತ್ರೆಗೂ ಕೊರತೆಯಿಲ್ಲ, ಪಾತರಗಿತ್ತಿಗೂ ಕೊರತೆಯಿಲ್ಲ. ಕಳೆಯೆಂದು ಎಕ್ಕವನ್ನು ಕೀಳುವ ಮೊದಲು, ಬೇಲಿಯ ಒಣಪೊದೆಗೆ ಬೆಂಕಿಯಿಡುವ ಮೊದಲು ಇದೇ ವಿವೇಕ ಬೇಕು.

ಬಿಲ್ವ, ಎಕ್ಕ ಎರಡೂ ಶಿವಪೂಜೆಗೆ ಸಲ್ಲುವ ಗಿಡಗಳು. ಈಶ್ವರಿಗೆ ಹೆಸರೇ ಸಾಕ್ಷಿ. ಈ ಮೂರೂ ಒಂದೊಂದು ಮೂಕಜೀವಿಗೆ ಅನ್ನವಿಕ್ಕುತ್ತಿವೆ. ಹಸಿದು ಬಂದವರ ಕುಲವನ್ನು ಕೇಳದೆ ಉಣಬಡಿಸುವುದು ದಾಸೋಹದ ರೀತಿ. ಆ ದಾಸೋಹದ ಪಂಕ್ತಿಯಲ್ಲಿ ಬಿಲ್ವದ ಹುಳುವಿಗೂ ಒಂದು ಎಲೆ ಉಂಟೆಂದು ವಿದ್ಯಾರ್ಥಿ ಅರಿತರೆ, ಬೇಸಗೆಯ ಆ ಎರಡು ಗಂಟೆಗಳ ನಡಿಗೆ ಸಾರ್ಥಕ.

ಅಭ್ಯಾಸ:
1. ಬಿಲ್ವದ ಒಂದು ಚಿಗುರಿನ ಮೇಲಿನ ತತ್ತಿಯನ್ನು ಗುರುತಿಸಿ, ಚಿಟ್ಟೆ ಹೊರಬರುವವರೆಗಿನ ದಿನಗಳನ್ನು ಎಣಿಸಿ ಬರೆಯಿರಿ.
2. ಶಾಲೆಯ ಆವರಣದ ಐದು ಗಿಡಗಳನ್ನು ಹೆಸರಿಸಿ, ಅವುಗಳ ಎಲೆಯನ್ನು ತಿನ್ನುವ ಹುಳುಗಳ ಚಿತ್ರ ಬರೆಯಿರಿ.
3. ಚಿಟ್ಟೆಗೆ ನಿಮ್ಮ ಊರಿನ ಹಿರಿಯರು ಬಳಸುವ ಹೆಸರುಗಳನ್ನು ಸಂಗ್ರಹಿಸಿರಿ.