ವಿಮಾನದ ಕೆಲಸ ಬಿಡದೆ ಸೇನೆ ಸೇರಬಹುದೇ?

ಪ್ರಶ್ನೆ: ವಿಮಾನ ಕಂಪನಿಯೊಂದರಲ್ಲಿ ಫಸ್ಟ್ ಆಫೀಸರ್ ಆಗಿದ್ದೇನೆ. ವಯಸ್ಸು 31. ಊರು ಬಿದರೆಹಳ್ಳ ಕಾವಲ್ ಹತ್ತಿರ. ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಕಂಡಾಗಲೆಲ್ಲ ಸೇನೆ ಸೇರುವ ಹಳೆಯ ಆಸೆ ಎದ್ದು ಕೂರುತ್ತದೆ. ಅಮೆರಿಕದಲ್ಲಿ ಏರ್‌ಲೈನ್ ಪೈಲಟ್‌ಗಳು ಬಿಡುವಿನಲ್ಲಿ ಮೀಸಲು ಪಡೆಯ ವಿಮಾನ ಹಾರಿಸುತ್ತಾರಂತೆ. ನಾನೂ ಹಾಗೆ ಮಾಡಬಹುದೇ? ನನ್ನ ಹೆಂಡತಿ, ‘ಇರೋ ರಜೆನೂ ಅವರಿಗೇ ಕೊಟ್ಬಿಡಿ’ ಅಂತಾಳೆ. ಮಗುವಿಗೆ ಎರಡು ವರ್ಷ.
– ಒಬ್ಬ ಓದುಗ, ಗುಬ್ಬಿ ತಾಲ್ಲೂಕು

ಉತ್ತರ: ನೀವು ಅಂದುಕೊಂಡ ರೀತಿಯಲ್ಲಿ ಆಗುವುದಿಲ್ಲ. ಅಮೆರಿಕದಲ್ಲಿ ಮೀಸಲು ಪಡೆಗೆಂದೇ ವಿಮಾನಗಳಿವೆ, ಸೇವೆಗೆ ಹೋದವರ ನೌಕರಿ ಕಾಯಲು 1994ರ ಕಾನೂನಿದೆ. ನಮ್ಮಲ್ಲೂ 1952ರ ಕಾಯ್ದೆಯಡಿ ಸಹಾಯಕ ವಾಯುದಳ ಇತ್ತು, ಬಹಳ ಕಾಲ ಬಾಳಲಿಲ್ಲ. ಇನ್ನು, 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ ನಿಮ್ಮೂರಿನ ಕಾರ್ಖಾನೆ 3 ಟನ್ ವರ್ಗದ ಹಗುರ ಹೆಲಿಕಾಪ್ಟರಿಗೆಂದು ಕಟ್ಟಿದ್ದು. ನಿಮ್ಮ ಲೈಸೆನ್ಸು ವಿಮಾನದ್ದು; ಹೆಲಿಕಾಪ್ಟರಿಗೆ ಬೇರೆಯದೇ ಬೇಕು.

ತೆರೆದಿರುವ ಬಾಗಿಲು ಪ್ರಾದೇಶಿಕ ಸೇನೆ, ಅಂದರೆ ಟೆರಿಟೋರಿಯಲ್ ಆರ್ಮಿ. ಬೇರೆ ಉದ್ಯೋಗವಿರುವ, 18ರಿಂದ 42 ವರ್ಷದೊಳಗಿನ ಪದವೀಧರರು ಅಧಿಕಾರಿಯಾಗಲು ಅರ್ಜಿ ಹಾಕಬಹುದು. 2019ರಲ್ಲಿ ಕ್ರಿಕೆಟಿಗ ಧೋನಿ ಕಾಶ್ಮೀರದಲ್ಲಿ ಪಹರೆ ನಿಂತದ್ದು ಇದೇ ಸೇನೆಯಲ್ಲಿ. ಅವರದು ಗೌರವ ಹುದ್ದೆ. ನಿಮಗೆ ಲಿಖಿತ ಪರೀಕ್ಷೆ, ಸೇನಾ ಆಯ್ಕೆ ಮಂಡಳಿಯ (ಎಸ್‌ಎಸ್‌ಬಿ) ಸಂದರ್ಶನ, ವೈದ್ಯಕೀಯ ತಪಾಸಣೆ ಯಾವುದೂ ತಪ್ಪದು. ಗೆದ್ದರೂ ಸಿಗುವುದು ಕಾಲಾಳು ಪಡೆಯ ಕೆಲಸ, ಕಾಕ್‌ಪಿಟ್ ಅಲ್ಲ. ಆದ್ದರಿಂದ ಮೊದಲು ತೀರ್ಮಾನಿಸಬೇಕಾದ್ದು ನಿಮಗೆ ಬೇಕಿರುವುದು ಸಮವಸ್ತ್ರವೋ ಹಾರಾಟವೋ ಎಂದು. ಹಾರಾಟವೇ ಆದರೆ ಅದು ಈಗಾಗಲೇ ನಿಮ್ಮ ಕೈಯಲ್ಲಿದೆ.

ಸಮವಸ್ತ್ರವೇ ಎಂದಾದರೆ ಲೆಕ್ಕ ಹಾಕೋಣ. ವರ್ಷಕ್ಕೆ ಸುಮಾರು ಎರಡು ತಿಂಗಳ ತರಬೇತಿ. ಕರೆ ಬಂದರೆ ಇನ್ನೂ ಹೆಚ್ಚು. ಇತ್ತ 90 ದಿನಗಳಲ್ಲಿ ಮೂರು ಟೇಕಾಫ್, ಮೂರು ಲ್ಯಾಂಡಿಂಗ್ ಆಗದಿದ್ದರೆ ಮತ್ತೆ ಸಿಮ್ಯುಲೇಟರ್ ಹತ್ತಿ ಸಾಬೀತು ಮಾಡಬೇಕು. ವಾರದ 48 ಗಂಟೆಯ ವಿಶ್ರಾಂತಿಯನ್ನು ‘ಬಿಡುವು’ ಎಂದು ಎಣಿಸುವವರನ್ನು ಕಂಡರೆ ನನಗೆ ಭಯ. ಅದು ಹಿಂದೆ ಕೂತ 180 ಜನರ ಪಾಲಿನ ನಿದ್ದೆ. ಹಾಗಾಗಿ ತರಬೇತಿಯ ದಿನಗಳೆಲ್ಲ ನಿಮ್ಮ ವಾರ್ಷಿಕ ರಜೆಯಿಂದ ಅಥವಾ ಸಂಬಳವಿಲ್ಲದ ರಜೆಯಿಂದಲೇ ಬರಬೇಕು. ಸೇವೆಯ ಕರೆ ಬಂದಾಗ ನೌಕರಿಯನ್ನು ಪ್ರಾದೇಶಿಕ ಸೇನಾ ಕಾಯ್ದೆ ಕಾಯುತ್ತದೆ. ಆದರೆ ಕಂಪನಿಯಲ್ಲಿ ಕಮಾಂಡ್, ಅಂದರೆ ಕ್ಯಾಪ್ಟನ್ ಆಗುವ ಸರದಿ ತಪ್ಪಿದರೆ ಅದನ್ನು ತುಂಬಿಕೊಡುವವರು ಯಾರು?

ನನ್ನ ಅಭಿಪ್ರಾಯ: ಕ್ಯಾಪ್ಟನ್ ಆಗುವತನಕ ತಡೆಯಿರಿ. 42ಕ್ಕೆ ಹನ್ನೊಂದು ವರ್ಷವಿದೆ, ಅಷ್ಟರಲ್ಲಿ ಮಗು ಶಾಲೆಗೂ ಹೋಗುತ್ತದೆ. ಹೆಂಡತಿಯ ಮಾತನ್ನು ಕೊಂಕು ಎಂದು ತಳ್ಳಬೇಡಿ. ಆಕೆ ನಿಮ್ಮ ರೋಸ್ಟರನ್ನು ನಿಮಗಿಂತ ಚೆನ್ನಾಗಿ ಬಲ್ಲವಳು. ಕಳೆದ ಮೂರು ತಿಂಗಳ ರೋಸ್ಟರ್ ಮುಂದಿಟ್ಟುಕೊಂಡು ಮನೆಯಲ್ಲಿ ಮಲಗಿದ ರಾತ್ರಿಗಳನ್ನು ಇಬ್ಬರೂ ಕೂತು ಗುರುತು ಹಾಕಿ. ಆಮೇಲೂ ಆಕೆ ಹೂಂ ಅಂದರೆ, ಅರ್ಜಿಗೆ ಮೊದಲು ಕಂಪನಿಯಿಂದ ರಜೆಯ ಒಪ್ಪಿಗೆಯನ್ನು ಬರಹದಲ್ಲೇ ಪಡೆಯಿರಿ.