ಕಟ್ಟೆಯ ಮೇಲೆ, ಬಸ್ಸಿನಲ್ಲಿ, ಬೀಗರ ಮನೆಯಲ್ಲಿ: ಮಾಡಬೇಕಾದ್ದು, ಮಾಡಬಾರದ್ದು

ಸೊಲ್ಲಾಪುರ, ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆಯ ಕನ್ನಡ ಮನೆಗಳಿಗೆ ಈ ಸೂಚನೆ. ಗಡಿ, ಪಕ್ಷ, ಜಾತಿ-ಧರ್ಮ ಮೂರರ ಮಾತೂ ಒಟ್ಟಿಗೆ ಕಾದಿರುವ ಕಾಲವಿದು. ಕೆಲವು ಅಂಗಡಿಗಳಲ್ಲಿ ರಾಜಕೀಯ ಮಾತಾಡಬೇಡಿ ಎಂದು ಹಲಗೆ ಹಾಕುತ್ತಾರೆ. ನಮಗೆ ಅದು ಒಪ್ಪಿಗೆಯಿಲ್ಲ. ಮಾತಾಡಿ, ಆದರೆ ಈ ಕೆಳಗಿನದನ್ನು ಮೀರಬೇಡಿ.

ಅಡ್ಡಹೆಸರು ಕೇಳಿ, ಮಾತಿನ ಧಾಟಿ ನೋಡಿ ಒಬ್ಬರ ಮತ ಯಾವ ಕಡೆ ಎಂದು ತೀರ್ಮಾನಿಸಬಾರದು. "ನೀವು ಆ ಕಡೆಯವರೋ ಈ ಕಡೆಯವರೋ" ಎಂದು ಯಾರನ್ನೂ ಕೇಳಬಾರದು, ಶಾಲೆಯ ಮಕ್ಕಳನ್ನಂತೂ ಕೇಳಲೇಬಾರದು. ಮೈಂದರ್ಗಿ, ದುಧನಿಯ ಮಗು ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ ಕೇಳುತ್ತಲೇ ಬೆಳೆಯುತ್ತದೆ. ಕರ್ನಾಟಕದ ಏಕೀಕರಣಕ್ಕೆ ದುಡಿದ ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆಯವರು ಮರಾಠಿಯಲ್ಲೂ ಬರೆದರು. 1974ರಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರೂ ಆದರು. ಅವರ ಕನ್ನಡಾಭಿಮಾನವನ್ನು ಯಾರಿಂದಾದರೂ ಪ್ರಶ್ನಿಸಲಾದೀತೆ?

ಗಡಿಯ ವಾದ ಮಾಡುವುದಾದರೆ ಪೂರ್ತಿ ಮಾಡಬೇಕು. 1967ರ ಮಹಾಜನ ಆಯೋಗದ ವರದಿ ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ಕರ್ನಾಟಕಕ್ಕೆ ಸೇರಲಿ ಎಂದಿತು. ಇದನ್ನು ಹೇಳುವವರು ಅದೇ ವರದಿ ನಿಪ್ಪಾಣಿ, ನಂದಗಡ ಮಹಾರಾಷ್ಟ್ರಕ್ಕೆ ಹೋಗಲಿ ಎಂದದ್ದನ್ನೂ ಹೇಳಬೇಕು. ವರದಿಯನ್ನು ಒಪ್ಪದ ಮಹಾರಾಷ್ಟ್ರ 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಕಟ್ಟೆಯ ಮೇಲೆ ಕೂತು ನಾವು ಎಷ್ಟು ಕೂಗಾಡಿದರೂ ಒಂದು ಸರ್ವೆ ನಂಬರು ಅತ್ತಿತ್ತ ಆಗದು.

ಬಸ್ಸನ್ನು ಮುಟ್ಟಬಾರದು. 2022ರ ಕೊನೆಯಲ್ಲಿ ಗಡಿ ಗಲಾಟೆ ಏರಿದಾಗ ಬಸ್ಸುಗಳಿಗೆ ಮಸಿ ಬಳಿದರು, ಓಡಾಟ ನಿಂತಿತು. ಆ ಬಸ್ಸಿನಲ್ಲಿ ಕೂರುವವರು ಇಂಡಿ, ಆಳಂದ, ಅಫಜಲಪುರದ ಬೀಗರ ಮನೆಗೆ ಹೊರಟ ನಮ್ಮ ಹೆಣ್ಣುಮಕ್ಕಳು, ಸೊಲ್ಲಾಪುರದ ದವಾಖಾನೆಗೆ ಬರುವ ಅಲ್ಲಿನ ಮುದುಕರು. ಕಂಡಕ್ಟರನ ಮೇಲೆ ಸರ್ಕಾರದ ಮೇಲಿನ ಸಿಟ್ಟು ತೀರಿಸಿಕೊಳ್ಳುವುದು ಹೇಡಿತನ. ಅಂಥ ದಿನಗಳಲ್ಲಿ ದಿನಾಂಕ, ಊರು ತಿಳಿಯದ ವಿಡಿಯೊ ಬಂದರೆ ಮುಂದೆ ಕಳಿಸಬಾರದು. ನಿಮ್ಮ ಅಣ್ಣನೇ ಕಳಿಸಿದ್ದರೂ ಅಷ್ಟೇ.

ಅದೇ ಹೊತ್ತಿಗೆ ಅಕ್ಕಲಕೋಟೆಯ ಕೆಲವು ಹಳ್ಳಿಗಳು ಕರ್ನಾಟಕಕ್ಕೆ ಹೋಗುತ್ತೇವೆ ಎಂದವು. ಅಲ್ಲಿನವರು ಎತ್ತಿ ತೋರಿಸಿದ್ದು ರಸ್ತೆ, ನೀರಿನ ಕೊರತೆ. ಇಂಥ ಮಾತಾಡಿದವರಿಗೆ ದ್ರೋಹಿಯ ಪಟ್ಟ ಕಟ್ಟಬಾರದು. ಮೊದಲು ದೂರು ಕೇಳಬೇಕು, ಗ್ರಾಮಸಭೆಯಲ್ಲಿ ಬರೆಸಬೇಕು, ನಕಲು ಇಟ್ಟುಕೊಳ್ಳಬೇಕು. ಕನ್ನಡ ಶಾಲೆಗೆ ಶಿಕ್ಷಕರು ಬೇಕೆಂದು ಕೇಳುವಾಗ ಗಡಿಯ ಮಾತು ತರುವ ಅಗತ್ಯವೇ ಇಲ್ಲ: ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಕಲಿಕೆಗೆ ಸಂವಿಧಾನದ 350ಎ ವಿಧಿಯೇ ಆಧಾರ. ಮರಾಠಿ ನೆರೆಯವರನ್ನೂ ಕರೆದು ಸಹಿ ಹಾಕಿಸಿ. ಕೇಳಿದರೆ ಹಾಕುತ್ತಾರೆ.

ಜನವರಿ 12ರಂದು ಸೊಲ್ಲಾಪುರದ ಹುತಾತ್ಮರ ಪ್ರತಿಮೆಗಳ ಮುಂದೆ ನಾಲ್ಕೂ ಹೆಸರು ಹೇಳಬೇಕು: ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಶ್ರೀಕೃಷ್ಣ ಸಾರಡಾ, ಜಗನ್ನಾಥ ಶಿಂಧೆ. 1931ರಲ್ಲಿ ಯೆರವಡಾ ಜೈಲಿನಲ್ಲಿ ಬ್ರಿಟಿಷರು ನಾಲ್ವರನ್ನೂ ಗಲ್ಲಿಗೇರಿಸಿದರು. ನಮ್ಮವನು ಎಂದು ಒಬ್ಬನನ್ನೇ ಬೇರೆ ತೆಗೆದು ಬ್ಯಾನರಿಗೆ ಹಾಕಬಾರದು. ಆ ಬೆನ್ನಿಗೇ ಬರುವ ಸಿದ್ಧರಾಮನ ಜಾತ್ರೆಯಲ್ಲಿ ನಂದಿಧ್ವಜದ ಹತ್ತಿರ ಪಕ್ಷದ ಶಲ್ಯ ಹೊದ್ದು ಬರಬಾರದು.

ಗಡಿಯಾಚೆಯಿಂದ ಬಂದ ಸೊಸೆಗೆ ಅವಳ ತವರಿನ ಸರ್ಕಾರ ಮಾಡಿದ್ದಕ್ಕೆ ಕುಟುಕಬಾರದು. ಮದುವೆಯ ಊಟದ ಪಂಕ್ತಿಯಲ್ಲಿ ಚುನಾವಣೆ ತೆಗೆಯಬಾರದು. ಕೈ ತೊಳೆದ ಮೇಲೆ ಹೊರಗೆ ಎಷ್ಟು ಬೇಕಾದರೂ ವಾದಿಸಿ. ಫಲಿತಾಂಶದ ದಿನ ಸೋತವರ ಮನೆ ಮುಂದೆ ಪಟಾಕಿ ಹಚ್ಚಬಾರದು, ಗುಲಾಲು ಎರಚಬಾರದು. ಆ ಮನೆಯಲ್ಲಿ ಕಾಯಿಲೆಯೋ ಸಾವೋ ಆದರೆ, ಗೆದ್ದವರೇ ಮೊದಲು ಹೋಗಬೇಕು.