ಹಲ್ಲು ಕೀಳಿಸಿಕೊಂಡವರಿಗೆ ಕಿವಿಮಾತು

ಕೋಲಾರದ ಟೊಮೆಟೊ ಹೊತ್ತು ಚೆನ್ನೈನ ಕೋಯಂಬೇಡು ಸಗಟು ಮಾರುಕಟ್ಟೆಗೆ ಸಾಗುವ ಲಾರಿ ಚಾಲಕರಾಗಲಿ, ಅಲ್ಲಿ ಮೂಟೆ ಇಳಿಸುವ ಶ್ರಮಿಕರಾಗಲಿ, ಹಲ್ಲು ಕೀಳಿಸಿಕೊಂಡ ಮರುದಿನವೇ ಭಾರ ಎತ್ತಿದರೆ ರಕ್ತದೊತ್ತಡ ಏರಿ ಗಾಯ ಮತ್ತೆ ಒಸರಬಹುದಾದ್ದರಿಂದ, ಒಂದೆರಡು ದಿನ ವಿಶ್ರಮಿಸುವುದು ಕ್ಷೇಮ.

ಮೊದಲ ದಿನ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಆಗಾಗ ಕೆನ್ನೆಗೆ ಒತ್ತಿ, ವೈದ್ಯರು ಹೇಳಿದ ಮಾತ್ರೆಯನ್ನು ನೋವು ಉಲ್ಬಣಿಸುವ ಮುನ್ನವೇ ಸೇವಿಸಬೇಕು. ಹೊಟ್ಟೆಹುಣ್ಣು ಅಥವಾ ಮೂತ್ರಪಿಂಡದ ಕಾಯಿಲೆ ಇರುವವರು ಉರಿಯೂತ ತಗ್ಗಿಸುವ ಐಬುಪ್ರೊಫೆನ್ ಅನ್ನು ವೈದ್ಯರನ್ನು ಕೇಳದೆ ನುಂಗಬಾರದು. ಮಂಪರು ತರಿಸುವ ಮಾತ್ರೆ ಸೇವಿಸಿದವರು ವಾಹನ ಚಲಾಯಿಸಲೇಬಾರದು.

ಬೀಡಿ, ಜಗಿಯುವ ತಂಬಾಕು, ಜೋರಾಗಿ ಉಗುಳುವಿಕೆ ಇವು ಕುಳಿಯನ್ನು ಮುಚ್ಚಿದ ರಕ್ತದ ಹೆಪ್ಪನ್ನು ಕಳಚಿ, ಮೂಳೆ ಬಯಲಾಗುವ ‘ಡ್ರೈ ಸಾಕೆಟ್’ ಸ್ಥಿತಿಗೆ ದಾರಿಮಾಡುತ್ತವೆ. ಮೂರನೆಯ ದಿನ ನೋವು ತಗ್ಗದೆ ಹೆಚ್ಚಿದರೆ, ಜ್ವರ ಬಂದರೆ, ತಡಮಾಡದೆ ದಂತವೈದ್ಯರನ್ನು ಕಾಣಬೇಕು.